ಸುಖಾಗಮನ ಬಯಸುವ ಧರ್ಮಪುರದವರು

ಚಿತ್ರದುರ್ಗದಲ್ಲಿ ಒಂದು ದಿನದ ತರಬೇತಿ ಮುಗಿಸಿಕೊಂಡು ಹೊಳಲ್ಕೆರೆಗೆ ಮರಳಿದ ಸಂಜೆ, ಜಯಕುಮಾರ ಚಪ್ಪಲಿ ಬಿಡುವ ಮೊದಲೇ ಹೆಂಡತಿ ಸುಮಿತ್ರಾಳಿಗೆ ಘೋಷಿಸಿದ.

"ಇವತ್ತಿಂದ ನಾನು ಯಾರ ಕೈಕೆಳಗೂ ಇಲ್ಲ. ನಂದೇ ಒಂದು ಬ್ರ್ಯಾಂಡು."

ಸುಮಿತ್ರಾ ಅವನ ಕೈಯಲ್ಲಿದ್ದ ಚೀಲದ ಕಡೆ ನೋಡಿದಳು. "ಕೊತ್ತಂಬರಿ ಸೊಪ್ಪು ತಂದ್ರಾ?"

"ಬ್ರ್ಯಾಂಡು ಅಂದೆ."

"ಕೇಳಿಸ್ತು. ಸೊಪ್ಪು ತಂದ್ರಾ ಅಂದೆ."

ಸೊಪ್ಪು ತಂದಿರಲಿಲ್ಲ. ಸ್ವಂತ ಉದ್ಯಮ ಕಟ್ಟುವುದನ್ನು ಕಲಿಸುವ ತರಬೇತಿ ಅದು. ಮಧ್ಯಾಹ್ನಕ್ಕೆ ಪಲಾವು, ಸಂಜೆಗೆ ಪ್ರಮಾಣಪತ್ರ. ಇವೆರಡರ ನಡುವೆ ಟೈ ಕಟ್ಟಿದ್ದ ಒಬ್ಬರು ಬೋರ್ಡಿನ ಮೇಲೆ ಬಾಣದ ಗುರುತುಗಳನ್ನು ಹಾಕುತ್ತ ಒಂದಿಷ್ಟು ಪದಗಳನ್ನು ಉದುರಿಸಿದ್ದರು. ಉಳಿದವರು ಅವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದರು. ಜಯಕುಮಾರ ಒಂದನ್ನೂ ಬಿಡದೆ ಆರಿಸಿಕೊಂಡು ಬಂದ. ಬ್ರ್ಯಾಂಡು, ಕ್ಲೈಂಟು, ಟಾರ್ಗೆಟ್ಟು, ಟೆಂಪ್ಲೇಟು, ಫೀಡ್‌ಬ್ಯಾಕು. ಅರ್ಥ ಗೊತ್ತಿಲ್ಲದ ಪದ ಕಂಡರೆ ಹೆದರುವುದು ಲೋಕದ ರೂಢಿ. ಜಯಕುಮಾರನಿಗೆ ಅಂಥ ಪದ ಕಂಡರೆ ಧೈರ್ಯ ಬರುತ್ತಿತ್ತು.

ಧೈರ್ಯದ ಅಗತ್ಯವೂ ಅವನಿಗಿತ್ತು. ಮದುವೆಯಾದಂದಿನಿಂದ ಅವನು ದಿನಾ ಬಸ್ಸಿನಲ್ಲಿ ಹೊಸದುರ್ಗಕ್ಕೆ ಹೋಗಿ, ಸುಮಿತ್ರಾಳ ಅಣ್ಣ ಯತ್ತಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗುತ್ತಿದ್ದ. ಯತ್ತಪ್ಪ ಮರ್ಯಾದಸ್ಥ. ಮನೆಗೆ ಹೋದರೆ ತಂಗಿಯ ಗಂಡನಿಗೆ ಮೊದಲ ಎಲೆ, ಎಲೆ ತುಂಬ ತುಪ್ಪ. ಅಂಗಡಿಯ ಹೊಸ್ತಿಲು ದಾಟಿದ ತಕ್ಷಣ ಮಾತ್ರ, "ಲೇ ಜಯ, ಎರಡಿಂಚಿನ ಮೊಳೆ ಡಬ್ಬಕ್ಕೆ ಮೂರಿಂಚಿಂದು ಯಾವನಲೇ ಸುರಿದಿದ್ದು?" ಸುರಿದವನು ಯಾವಾಗಲೂ ಜಯಕುಮಾರನೇ. ಅದರಲ್ಲಿ ಎರಡು ಮಾತಿರಲಿಲ್ಲ.

ಹೀಗಾಗಿ ತರಬೇತಿಯ ಮರುವಾರವೇ ಅವನು ಮೊಳೆಗಳಿಗೆ ಕೈಮುಗಿದು, ಹಿರಿಯೂರಿನಲ್ಲಿ ಬಾಗಿಲು ಹಾಕಿದ್ದ ಒಂದು ಪ್ರೆಸ್ಸಿನಿಂದ ಹಳೆಯ ಕಂಪ್ಯೂಟರ್ ತಂದು, ಮನೆಯ ಮುಂದಿನ ಕೋಣೆಯಲ್ಲಿಟ್ಟು, 'ಜಯ ಕ್ರಿಯೇಷನ್ಸ್' ಎಂದು ಬೋರ್ಡು ಹಾಕಿದ.

ಮೊದಲು ಬಂದವಳು ಎದುರುಮನೆಯ ಪುಟ್ಟಕ್ಕ. "ಇಲ್ಲಿ ಕರೆಂಟ್ ಬಿಲ್ಲು ಕಟ್ಟಿಸ್ಕಂತೀರಾ?"

"ಇಲ್ಲ ಪುಟ್ಟಕ್ಕ. ಇಲ್ಲಿ ಐಡಿಯಾ ಕೊಡ್ತೀವಿ."

"ಐಡಿಯಾ ನಮ್ಮನ್ಯಾಗೆ ಬೇಕಾದಷ್ಟು ಅವೆ. ಕೇಳೋರಿಲ್ಲ ಅಷ್ಟೆ," ಎಂದು ಪುಟ್ಟಕ್ಕ ಬಿಲ್ಲು ಮಡಚಿಕೊಂಡು ಹೋದಳು.

ಅದಾದ ಮೇಲೆ ಬಹಳ ದಿನ ಯಾರೂ ಬರಲಿಲ್ಲ. ಕೊನೆಗೆ ಬಂದವನು ಯತ್ತಪ್ಪ. ಬಾಗಿಲಲ್ಲೇ ನಿಂತು ಕೋಣೆಯನ್ನು ಮೇಲಿಂದ ಕೆಳಗೆ ಅಳೆದ.

"ನಮ್ಮ ಮಗಳು ಅನುಪಮಂದು ಮದ್ವೆ ಗೊತ್ತಾಗೈತೆ. ಗಂಡಿನ ಕಡೆಯೋರು ಚಿತ್ರದುರ್ಗದೋರು. ಮದ್ವೆ ಮಾತ್ರ ನಮ್ಮ ಹೊಸದುರ್ಗದಾಗೆ. ಕಾರ್ಡು ನೀನೇ ಮಾಡು. ಚೆನ್ನಾಗಿ ಬಂತಾ, ಇಟ್ಕ ಈ ಅಂಗಡೀನ. ಎಡವಟ್ಟಾಯ್ತಾ, ಮದ್ವೆ ಮುಗಿದ ಸೋಮವಾರದಿಂದ ತಕ್ಕಡಿ ಮುಂದೆ ಬಂದು ನಿಂತ್ಕಬೇಕು. ಆಮೇಲೆ ಬ್ರ್ಯಾಂಡು ಗೀಂಡು ಅನ್ನಂಗಿಲ್ಲ. ಒಪ್ಗೆನಾ?"

ಜಯಕುಮಾರ ಕೈ ಚಾಚಿ, "ಡೀಲ್" ಎಂದ. ಯತ್ತಪ್ಪ ಆ ಕೈಯನ್ನು ನೋಡಿ, ಅದರಲ್ಲಿ ಕಾರ್ಡಿನ ವಿವರ ಬರೆದ ಚೀಟಿಯನ್ನಿಟ್ಟು ಹೋದ.

ಹಿರಿಯೂರಿನಿಂದ ಬಂದ ಕಂಪ್ಯೂಟರಿನ ಹೊಟ್ಟೆಯಲ್ಲಿ ಹಳೆಯ ಮದುವೆ ಕಾರ್ಡುಗಳು ರಾಶಿ ಬಿದ್ದಿದ್ದವು. ಜಯಕುಮಾರ ಅವುಗಳಲ್ಲಿ ಲಕ್ಷಣವಾಗಿದ್ದ ಒಂದನ್ನು ಆರಿಸಿ, ಹುಡುಗಿಯ ಹೆಸರು ತೆಗೆದು ಅನುಪಮಾ ಎಂದು ಹಾಕಿದ, ಹುಡುಗನ ಹೆಸರು ಬದಲಿಸಿದ, ಕಲ್ಯಾಣಮಂಟಪವನ್ನು ಹಿರಿಯೂರಿನಿಂದ ಹೊಸದುರ್ಗಕ್ಕೆ ಎತ್ತಿಟ್ಟ. ಹೊಸ ಮನೆ ಕಟ್ಟುವ ಬದಲು ಇದ್ದ ಮನೆಗೆ ಸುಣ್ಣ ಬಳಿಯುವ ಈ ಪದ್ಧತಿಗೆ ಟೆಂಪ್ಲೇಟು ಎನ್ನುತ್ತಾರೆಂದು ಸುಮಿತ್ರಾಳಿಗೆ ವಿವರಿಸಿದ. ಸುಮಿತ್ರಾ, "ಸುಣ್ಣ ಬಳಿಯೋ ಮುಂಚೆ ಒಳಗೆ ಯಾರಾದ್ರೂ ಅವ್ರಾ ಅಂತ ನೋಡಿ," ಎಂದಳು. ಅವನಿಗೆ ಅದು ಫೀಡ್‌ಬ್ಯಾಕು ಎನಿಸಲಿಲ್ಲ.

ನಮ್ಮ ಕಡೆ ಮದುವೆ ಕಾರ್ಡಿನ ಮೇಲ್ಭಾಗ ದೇವರಿಗೆ, ನಡುಭಾಗ ಹುಡುಗ ಹುಡುಗಿಗೆ. ಯುದ್ಧವೆಲ್ಲ ನಡೆಯುವುದು ಕೆಳಭಾಗದಲ್ಲಿ. 'ಸುಖಾಗಮನ ಬಯಸುವವರು' ಎಂಬ ತಲೆಬರಹದ ಕೆಳಗೆ ಯಾರು ಮೊದಲು, ಯಾರು ಆಮೇಲೆ, ಯಾರ ಹೆಸರಿನ ಅಕ್ಷರ ದಪ್ಪ, ಯಾರ ಮಕ್ಕಳನ್ನು ಹೆಸರಿಟ್ಟು ಕರೆದಿದೆ, ಯಾರ ಮಕ್ಕಳನ್ನು 'ಮತ್ತು ಮಕ್ಕಳು' ಎಂದು ಮುಗಿಸಿದೆ ಎಂಬುದರ ಮೇಲೆ ಸಂಬಂಧಗಳು ನಿಲ್ಲುತ್ತವೆ, ಬೀಳುತ್ತವೆ. ಕರಡು ಪ್ರತಿಯನ್ನು ಜಯಕುಮಾರ ಹೊಸದುರ್ಗಕ್ಕೆ ಒಯ್ದಾಗ ಯತ್ತಪ್ಪನ ಮನೆಯ ಪಡಸಾಲೆ ತುಂಬಿ ಹೋಗಿತ್ತು.

"ಪ್ರೂಫ್ ನೋಡ್ರಿ. ಸರಿಯಾಗಿ ಓದಿ ಹೇಳ್ರಿ," ಎಂದು ಅವನು ಕಾಗದವನ್ನು ನಡುವೆ ಇಟ್ಟ.

ಎಲ್ಲರೂ ಓದಿದರು. ಒಬ್ಬೊಬ್ಬರ ಬೆರಳೂ ದೇವರನ್ನು ದಾಟಿ, ಮದುಮಕ್ಕಳನ್ನು ದಾಟಿ, ಮುಹೂರ್ತವನ್ನು ದಾಟಿ, ಸೀದಾ ಕೆಳಗಿಳಿದು ತನ್ನ ಹೆಸರಿನ ಮೇಲೆ ಕುಳಿತಿತು. ಹೆಸರು ಸಿಕ್ಕವರು ತೃಪ್ತಿಯಿಂದ ಕಾಗದವನ್ನು ಪಕ್ಕದವರಿಗೆ ಕೊಟ್ಟರು. ಅನುಪಮಾಳ ಚಿಕ್ಕಪ್ಪ ಮಾತ್ರ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ, "ನನ್ನ ಹೆಸರು ಯಾಕೋ ಸೊರಗಿದಂಗೆ ಕಾಣ್ತೈತೆ," ಎಂದ. ಜಯಕುಮಾರ ಅದಕ್ಕೆ ಮೈ ತುಂಬಿಸುತ್ತೇನೆಂದು ಮಾತು ಕೊಟ್ಟ. ಯತ್ತಪ್ಪ ತನ್ನ ಹೆಸರಿನ ಕೆಳಗೆ ಉಗುರಿನಿಂದ ಗೀಟು ಹಾಕಿ, "ಹೊಡಿ," ಎಂದ. ಕಾರ್ಡು ಅಚ್ಚಾಯಿತು, ಹಂಚಿಕೆಯೂ ಶುರುವಾಯಿತು.

ಮೊದಲ ಫೋನು ಯತ್ತಪ್ಪನದು. ಗಂಟಲು ತಗ್ಗಿಸಿ ಮಾತಾಡುತ್ತಿದ್ದ.

"ಏನಪ್ಪ, ಕಾರ್ಡಿನ ಕೊನೇಗೆ ಶ್ರೀಮತಿ ಹೊನ್ನಕ್ಕ ಮತ್ತು ಶ್ರೀ ದುರುಗಣ್ಣ, ಧರ್ಮಪುರ ಅಂತ ಐತಲ್ಲ. ಯಾರ ಮಾತು ಕೇಳಿ ಹಾಕಿದೆ? ನಮ್ಮೋಳು ಯಶೋಧ ತಾನೆ?"

ಜಯಕುಮಾರ ಕಂಪ್ಯೂಟರ್ ತೆರೆದು ನೋಡಿದ. ಹಿರಿಯೂರಿನ ಹಳೆಯ ಕಾರ್ಡಿನಲ್ಲಿ, ಎಲೆಬಳ್ಳಿಯ ಚಿತ್ತಾರದ ಮಗ್ಗುಲಲ್ಲಿ, ಹೊನ್ನಕ್ಕನೂ ದುರುಗಣ್ಣನೂ ತಣ್ಣಗೆ ಕುಳಿತಿದ್ದರು. ಎಲ್ಲರನ್ನೂ ಖಾಲಿ ಮಾಡಿಸಿದ್ದ ಮನೆಯಲ್ಲಿ ಇವರಿಬ್ಬರು ಉಳಿದುಬಿಟ್ಟಿದ್ದರು. ಅವನ ಕಣ್ಣ ಮುಂದೆ ತಕ್ಕಡಿ ಒಮ್ಮೆ ತೂಗಿ ನಿಂತಿತು. ಆಗ ತರಬೇತಿಯ ಪದವೊಂದು ತಾನಾಗಿ ನಾಲಿಗೆಗೆ ಬಂತು.

"ಅದು ಕಾನ್ಫಿಡೆನ್ಷಿಯಲ್ ಭಾವ. ಕ್ಲೈಂಟ್ ವಿಷ್ಯ ಹೊರಗೆ ಹೇಳಂಗಿಲ್ಲ."

"ಗೊತ್ತಾಯ್ತು ಬಿಡು. ಹೇಳಬೇಡ ಅಂತ ಆಣೆ ಹಾಕವಳೆ."

ಫೋನು ಕೆಳಗಿಟ್ಟು ಬೆವರು ಒರೆಸುವಷ್ಟರಲ್ಲಿ ಯತ್ತಪ್ಪನ ಹೆಂಡತಿ ಯಶೋಧಾಳ ಫೋನು. "ಅಣ್ಣ, ಒಡಹುಟ್ಟಿದೋಳು ಅಂದ್ಕಂಡು ಸತ್ಯ ಹೇಳ್ರಿ. ಈ ಧರ್ಮಪುರದೋರನ್ನ ನುಗ್ಗಿಸಿದ್ದು ನಿಮ್ಮ ಭಾವ ತಾನೆ?"

"ಕಾನ್ಫಿಡೆನ್ಷಿಯಲ್ ಅಕ್ಕ."

"ಅಂದ್ರೆ?"

"ಅಂದ್ರೆ ಹೇಳಂಗಿಲ್ಲ."

"ಹೇಳಿದಂಗೇ ಆಯ್ತಲ್ಲ. ನಮ್ಮ ಸೋದರಮಾವಂದಿರ ಹೆಸರಿಗೆ ಜಾಗ ಇಲ್ಲ ಅಂದೋರಿಗೆ ಧರ್ಮಪುರದೋರಿಗೆ ಜಾಗ ಸಿಕ್ತಾ? ನನ್ನ ಕಡೆ ಹಂಚೋ ಕಾರ್ಡು ಬೇರೆ ಹೊಡೀರಿ. ಮೂವರು ಮಾವಂದಿರೂ ಇರ್ಬೇಕು. ನಿಮ್ಮ ಭಾವಂಗೆ ಗೊತ್ತಾಗಬಾರ್ದು."

ಸಂಜೆಗೆ ಮತ್ತೆ ಯತ್ತಪ್ಪ. "ಅವಳಿಗೆ ಗೊತ್ತಾಗದಂಗೆ ನಂದೊಂದು ಕಟ್ಟು ಬೇರೆ ಹೊಡಿ. ನಮ್ಮ ದೊಡ್ಡಪ್ಪನ ಮಕ್ಕಳು ಪೂರ್ತಿ ಇರ್ಲಿ."

ಹೀಗೆ ಒಂದೇ ಮದುವೆಗೆ ಕಾರ್ಡಿನ ಮೂರು ಆವೃತ್ತಿಗಳು ಹೊರಬಂದವು. ಎರಡನೆಯದರಲ್ಲಿ ಪರಿಷ್ಕರಣೆ, ಮೂರನೆಯದರಲ್ಲಿ ವಿಸ್ತರಣೆ. ಮೊದಲ ಆವೃತ್ತಿ ಕೈಗೆ ಬಂದ ನೆಂಟರು ಎರಡನೆಯದನ್ನು ಕಂಡು ತಾವು ಹಳಬರಾದೆವೆಂದು ಮುನಿದರು. ಎರಡನೆಯದರಲ್ಲಿ ಬಂದವರು, ಮೊದಲನೆಯದರಲ್ಲಿ ಇರಲಿಲ್ಲವಲ್ಲ, ಆಮೇಲೆ ನೆನಪಾದೆವೇ ಎಂದು ಮುನಿದರು. ಚಿಕ್ಕಪ್ಪನ ಹೆಸರು ಮೂರರಲ್ಲೂ ಮೈ ತುಂಬಿಕೊಂಡಿತ್ತು. ಆದರೆ ಮೂರನೆಯದರಲ್ಲಿ ಮೂರು ಸಾಲು ಕೆಳಗೆ ಜಾರಿತ್ತು. ಅವನು ಮಾತಾಡುವುದನ್ನೇ ಬಿಟ್ಟ. ಎಲ್ಲ ಆವೃತ್ತಿಗಳಲ್ಲೂ ಇದ್ದ ಜಾಗದಲ್ಲೇ, ಇದ್ದ ಗಾತ್ರದಲ್ಲೇ ಉಳಿದವರೆಂದರೆ ಹೊನ್ನಕ್ಕ ಮತ್ತು ದುರುಗಣ್ಣ. ಅವರನ್ನು ತೆಗೆದರೆ ತನಗೆ ಹೊಟ್ಟೆಕಿಚ್ಚೆಂದು ಎದುರು ಪಕ್ಷದವರು ತಿಳಿದಾರೆಂದು ಗಂಡನೂ ತೆಗೆಸಲಿಲ್ಲ, ಹೆಂಡತಿಯೂ ತೆಗೆಸಲಿಲ್ಲ.

ಸುಮಿತ್ರಾಳಿಗೆ ಮಾತ್ರ ಜಯಕುಮಾರ ನಿಜ ಹೇಳಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಕ್ಕಳೋ ಅತ್ತಳೋ ಅವನಿಗೆ ತಿಳಿಯಲಿಲ್ಲ.

"ಅಣ್ಣಂಗೆ ಹೇಳಿಬಿಡ್ರಿ."

"ಮೊಳೆ ತೂಗಾಕೆ ಹೋಗಲ್ಲ ಕಣೇ ನಾನು. ಆ ತಕ್ಕಡಿ ಮುಂದೆ ನಿಂತ್ರೆ ನಂಗೆ ನನ್ನ ಹೆಸರೇ ಮರ್ತೋಗ್ತೈತೆ."

ಮೂರನೆಯ ದಿಕ್ಕಿನಿಂದ ಫೋನು ಬಂದೀತೆಂದು ಅವನು ಎಣಿಸಿರಲಿಲ್ಲ. ಕಾರ್ಡಿನ ಮೂಲೆಯಲ್ಲಿ 'ವಿನ್ಯಾಸ: ಜಯ ಕ್ರಿಯೇಷನ್ಸ್' ಎಂದು ತನ್ನ ನಂಬರು ಹಾಕಿಕೊಂಡಿದ್ದು ಜಾಹೀರಾತಿನ ದೃಷ್ಟಿಯಿಂದ. ಆ ಜಾಹೀರಾತಿಗೆ ಸ್ಪಂದಿಸಿದ ಏಕಮಾತ್ರ ಗ್ರಾಹಕರು ಧರ್ಮಪುರದ ದುರುಗಣ್ಣ.

"ಸ್ವಾಮಿ, ಹಿರಿಯೂರಾಗೆ ಒಬ್ರ ಮನ್ಯಾಗೆ ಕಾರ್ಡು ನೋಡಿದ್ವಿ. ನಮ್ಮಿಬ್ರ ಹೆಸ್ರು ಅಚ್ಚಾಗೈತೆ. ಸಂತೋಷ. ಆದ್ರೆ ಹೆಸರು ಹಾಕಿಸಿದ ಮೇಲೆ ಮನೆಗೆ ಬಂದು ಕುಂಕುಮ ಕೊಟ್ಟು ಕರೀಬೇಕಾ ಬ್ಯಾಡವಾ? ಊರಾಗೆ ಎಲ್ಲ ಕೇಳ್ತಾವ್ರೆ, ನಿಮ್ಮದೇ ಮದ್ವೆ, ನಮಗೆ ಹೇಳಿಲ್ವಲ್ಲ ಅಂತ. ನಮಗೇ ಹೇಳಿಲ್ಲ ಅಂತ ಹೆಂಗೆ ಹೇಳಾದು? ತಲೆ ಎತ್ತಂಗಿಲ್ಲ."

ಜಯಕುಮಾರ ಮರುದಿನ ಬೆಳಗ್ಗೆಯೇ ಬಸ್ಸು ಹತ್ತಿದ. ಚಿತ್ರದುರ್ಗ ದಾಟಿ, ಹಿರಿಯೂರಿನಲ್ಲಿ ಬಸ್ಸು ಬದಲಿಸಿ, ಕಿಟಕಿಯ ಆಚೆ ಶೇಂಗಾ ಹೊಲಗಳನ್ನು ನೋಡುತ್ತ ಒಂದೇ ಮಾತನ್ನು ಬಾಯಿಪಾಠ ಮಾಡಿದ: ತಪ್ಪಾಗಿದೆ, ಕ್ಷಮಿಸಿ, ದಯವಿಟ್ಟು ಬರಬೇಡಿ. ಸಣ್ಣ ಮಾತು. ಧರ್ಮಪುರ ಬರುವಷ್ಟರಲ್ಲಿ ನುಣ್ಣಗಾಗಿತ್ತು.

ದುರುಗಣ್ಣನ ಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕದವರೆಲ್ಲ ಕುಳಿತಿದ್ದರು. ಕರೆಯುವವರು ಇವತ್ತು ಬರುತ್ತಾರೆಂದು ಅವರಿಗೆ ಸುದ್ದಿ ಹೋಗಿತ್ತು. ಹೊನ್ನಕ್ಕ ದಪ್ಪ ಕಾಜಿನ ಬಳೆಗಳ, ದೊಡ್ಡ ಗಂಟಲಿನ ಹೆಂಗಸು. ಬಾಗಿಲಲ್ಲೇ ತಂಬಿಗೆ ನೀರು ಕೊಟ್ಟಳು.

"ಬರ್ರಿ ಅಣ್ಣ. ದಾರಿ ತಪ್ಪಲಿಲ್ಲ ತಾನೆ? ಕುಂತ್ಕಳ್ರಿ. ನಂಗೆ ಆವಾಗಿಂದ ಒಂದೇ ಯೋಚ್ನೆ, ನಾವು ನಿಮಗೆ ಹೆಂಗೆ ಸಂಬಂಧ ಅಂತ."

"ಅದನ್ನೇ ಹೇಳಾಕೆ ಬಂದೆ ಅಕ್ಕ. ಸಂಬಂಧ ಅನ್ನಾದು..."

"ನಿಮ್ಮ ಭಾವ ಸಿರಿಗೆರೆಯಾಗೆ ಓದಿದ್ರಾ?"

"ಓದಿದ್ರು ಕಾಣ್ತೈತೆ. ಆದ್ರೆ..."

"ನಮ್ಮ ಮೈದುನನೂ ಅಲ್ಲೇ ಹಾಸ್ಟೆಲ್ಲಾಗೆ ಇದ್ದಿದ್ದು. ನಿಮ್ಮೋರು ಹಾಲುರಾಮೇಶ್ವರಕ್ಕೆ ನಡ್ಕೊತಾರಾ?"

"ಹೊಸದುರ್ಗದೋರಲ್ವಾ, ಹೋಗ್ತಾ ಇರ್ತಾರೆ."

"ನಮ್ಮತ್ತೇನೂ ಹರಕೆ ಹೊತ್ತು ಅಲ್ಲಿಗೇ ಹೋಗಿದ್ದು!" ಹೊನ್ನಕ್ಕ ಕಟ್ಟೆಯ ಕಡೆ ತಿರುಗಿದಳು. "ನಾನು ಹೇಳ್ಲಿಲ್ವಾ? ಹತ್ತಿರದೋರೇ."

ಕಟ್ಟೆ ತಲೆಯಾಡಿಸಿತು. ಜಯಕುಮಾರ ಬಾಯಿಪಾಠ ಮಾಡಿದ್ದನ್ನು ಹೇಳಲು ಎದ್ದು ನಿಂತ. ಅವನು ಎದ್ದಿದ್ದೇ ತಡ, ಕರೆಯಲು ಎದ್ದನೆಂದು ಕಟ್ಟೆಯವರೆಲ್ಲ ಮಾತು ನಿಲ್ಲಿಸಿದರು. ದುರುಗಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು ನೆಟ್ಟಗೆ ನಿಂತ. ಅಷ್ಟು ಹೊತ್ತು ತಲೆ ಬಗ್ಗಿಸಿ ಕುಳಿತಿದ್ದ ಮನುಷ್ಯ ಮೊದಲ ಸಲ ನೆರೆಯವರ ಮುಖ ನೋಡಿದ. ಅದನ್ನು ಕಂಡು ಜಯಕುಮಾರನ ನಾಲಿಗೆ ಯಜಮಾನನ ಮಾತು ಮೀರಿತು.

"ಕುಟುಂಬ ಸಮೇತ ಬಂದು ಮದ್ವೆ ನಡ್ಸಿಕೊಡಬೇಕು," ಎಂದುಬಿಟ್ಟ.

ಕೊಡಲು ಕುಂಕುಮ ತಂದಿರಲಿಲ್ಲ. ಹೊನ್ನಕ್ಕ ಒಳಗಿನಿಂದ ತನ್ನದೇ ಭರಣಿ ತಂದು ಮುಂದೆ ಹಿಡಿದಳು. ಅವರ ಮನೆಯ ಕುಂಕುಮದಿಂದಲೇ ಅವರನ್ನು ಕರೆದು, ಅವರ ಮನೆಯ ಮಜ್ಜಿಗೆ ಕುಡಿದು, ಜಯಕುಮಾರ ಬಸ್ಸು ಹತ್ತಿದ.

"ಬರಬ್ಯಾಡ್ರಿ ಅಂತ ಹೇಳಿದ್ರಾ?" ಎಂದು ಸುಮಿತ್ರಾ ಕೇಳಿದಳು.

"ಬೇಗ ಬರ್ರಿ ಅಂದೆ."

ಮದುವೆಯ ಹಿಂದಿನ ಸಂಜೆ ಧರ್ಮಪುರದ ಟೆಂಪೊ ಹೊಸದುರ್ಗದ ಕಲ್ಯಾಣಮಂಟಪದ ಮುಂದೆ ನಿಂತಿತು. ಮೊದಲು ಇಳಿದದ್ದು ಒಂದು ಚೀಲ ಶೇಂಗಾ, ಆಮೇಲೆ ಹೊನ್ನಕ್ಕ, ಆಮೇಲೆ ದುರುಗಣ್ಣ, ಅವರ ಹಿಂದೆ ಕಟ್ಟೆ ಪೂರ್ತಿ. ಒಳಗೆ ವಧುವಿನ ಕಡೆಯ ನೆಂಟರು ಆವೃತ್ತಿವಾರು ಗುಂಪುಗಳಾಗಿ ಕುಳಿತಿದ್ದರು. ಮೊದಲ ಆವೃತ್ತಿಯವರು ಕಂಬದ ಹತ್ತಿರ, ಎರಡನೆಯವರು ಕಿಟಕಿಯ ಹತ್ತಿರ, ಮೂರನೆಯವರು ಫ್ಯಾನಿನ ಕೆಳಗೆ. ಚಿಕ್ಕಪ್ಪ ಒಬ್ಬನೇ ಹೊರಗೆ ಸ್ಕೂಟರಿನ ಮೇಲೆ. ಯಾರೂ ಕೈ ಅಲ್ಲಾಡಿಸುತ್ತಿರಲಿಲ್ಲ. ಹೆಸರು ದಪ್ಪ ಇರುವವರೇ ಕೆಲಸ ಮಾಡಲಿ ಎಂಬುದು ಎಲ್ಲರ ಒಮ್ಮತ. ಯತ್ತಪ್ಪ ಹೂವಿನವನ ಜೊತೆ ಜಗಳದಲ್ಲಿದ್ದ. ಯಶೋಧಾ ಒಳಕೋಣೆಯಲ್ಲಿ ಸೋದರಮಾವಂದಿರನ್ನು ಸಮಾಧಾನ ಮಾಡುತ್ತಿದ್ದಳು. ಅಂಥ ಹೊತ್ತಿನಲ್ಲೇ ಗಂಡಿನ ಕಡೆಯ ಬಸ್ಸು ಚಿತ್ರದುರ್ಗದಿಂದ ಬಂತು. ಇದಿರುಗೊಳ್ಳಲು ಬಾಗಿಲಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಹೊನ್ನಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಏನು ನೋಡ್ತೀಯ? ಕರೆಯೋರು ನಾವು," ಎಂದು ಗಂಡನ ಕೈಗೆ ಪನ್ನೀರುದಾನಿ ಕೊಟ್ಟು, ತಾನು ಆರತಿ ತಟ್ಟೆ ಹಿಡಿದಳು. ಬೀಗರಾದ ಗೋವಿಂದಯ್ಯನವರ ಕಾಲಿಗೆ ದುರುಗಣ್ಣ ನೀರು ಹಾಕಿದ. ಬಸ್ಸಿನಲ್ಲಿ ದಣಿದು ಬಂದಿದ್ದ ಅವರಿಗೆ ಪಾನಕ, ಅವರ ಮುದುಕಿ ತಾಯಿಗೆ ಕುರ್ಚಿ, ಕುರ್ಚಿಗೆ ದಿಂಬು. ಅಡುಗೆಭಟ್ಟರಿಗೆ ಹೊನ್ನಕ್ಕನಿಂದ ಎರಡು ಬೈಗುಳ, ಸಾರಿಗೆ ಒಂದು ಹಿಡಿ ಉಪ್ಪು. ಜಯಕುಮಾರ ಇದನ್ನೆಲ್ಲ ಕಂಬದ ಮರೆಯಿಂದ ನೋಡುತ್ತ, ಧರ್ಮಪುರದವರೂ ಯತ್ತಪ್ಪನೂ ಎದುರುಬದುರಾಗದಂತೆ ರಾತ್ರಿಯಿಡೀ ಕಾವಲು ಕಾದ.

ಬೆಳಗ್ಗೆ ಧಾರೆ ಮುಗಿಯುವವರೆಗೂ ಕಾವಲು ಫಲಿಸಿತು. ಹಸಿವು ಯಾರ ಕಾವಲಿಗೂ ಬಗ್ಗುವುದಿಲ್ಲ. ಯತ್ತಪ್ಪ ಪೇಟ ತೆಗೆದಿಟ್ಟು, ಯಾರಿಗೂ ಹೇಳದೆ, ಮೊದಲ ಪಂಕ್ತಿಯ ತುದಿಯಲ್ಲಿ ಎಲೆಯ ಮುಂದೆ ಕುಳಿತ. ಪಂಕ್ತಿಯ ಉಸ್ತುವಾರಿ ಹೊನ್ನಕ್ಕನದು.

"ನೀವು ಯಾವ ಕಡೆಯೋರಪ್ಪ?"

"ಹೆಣ್ಣಿನ ಕಡೆ."

"ಹಂಗಾದ್ರೆ ಏಳ್ರಿ. ಮೊದ್ಲು ಗಂಡಿನ ಕಡೆಯೋರು."

"ನಾನು ಯಾರು ಗೊತ್ತಾ? ಹೆಣ್ಣಿನ ಅಪ್ಪ!"

"ಅಯ್ಯೋ, ಹಂಗಾದ್ರೆ ಎಲ್ರಿಗಿಂತ ಮೊದ್ಲು ನೀವು ಏಳ್ಬೇಕು. ಬೀಗರು ನಿಂತವ್ರೆ, ನೀವು ಕುಂತಿದೀರಲ್ಲ!"

ಊಟದ ಮನೆಯೆಲ್ಲ ತಿರುಗಿ ನೋಡಿತು. ಯತ್ತಪ್ಪ ಎದ್ದ. "ಯಾರ್ರೀ ನೀವು?"

"ಧರ್ಮಪುರದೋರು. ಸಿರಿಗೆರೆ ಕಡೆಯಿಂದ ಸಂಬಂಧ. ನಿಮ್ಮ ಮಗಳ ಕಾರ್ಡು ನೀವೇ ಓದಿಲ್ವಾ?"

ಯತ್ತಪ್ಪ ಹೆಂಡತಿಯ ಕಡೆ ತಿರುಗಿದ. "ಏನೇ, ನಿಮ್ಮೋರಿಗೆ ಸ್ವಲ್ಪ ಹೇಳು."

"ನಮ್ಮೋರಾ?" ಯಶೋಧಾ ಹೌಹಾರಿದಳು. "ಕದ್ದು ಹೆಸರು ಹಾಕ್ಸಿದೋರು ನೀವು!"

"ನಾನಾ?"

"ನಾನಾ?"

ಗಂಡ ಹೆಂಡಿರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೆ, ಎಷ್ಟೋ ದಿನಗಳ ಮೇಲೆ ಮೊದಲ ಸಲ ಒಮ್ಮನಸ್ಸಿನಿಂದ, ಸಾರಿನ ಬಕೆಟ್ಟು ಹಿಡಿದು ನಿಂತಿದ್ದ ಜಯಕುಮಾರನ ಕಡೆ ತಿರುಗಿದರು.

ಸುಮಿತ್ರಾ ಸದ್ದಿಲ್ಲದೆ ಬಂದು ಬಕೆಟ್ಟನ್ನು ಅವನ ಕೈಯಿಂದ ತೆಗೆದುಕೊಂಡಳು. ಮಾತಾಡುವವನಿಗೆ ಎರಡೂ ಕೈ ಬೇಕಾಗುತ್ತವೆ.

"ಹಳೇ ಕಾರ್ಡಿನ ಮೇಲೆ ಹೊಸಾದು ಮಾಡ್ದೆ ಭಾವ," ಎಂದ ಜಯಕುಮಾರ. "ಎರಡು ಹೆಸ್ರು ಅಳಿಸಾದು ಮರ್ತೆ. ಅಷ್ಟೆ."

ಯತ್ತಪ್ಪನ ಮುಖ ಕೆಂಪಗಾಯಿತು. ಇದು ಮನೆಯೂ ಅಲ್ಲ, ಅಂಗಡಿಯೂ ಅಲ್ಲ. ಯಾವ ಮರ್ಯಾದೆ ಬಳಸಬೇಕೆಂದು ಅವನಿಗೆ ಒಂದು ಗಳಿಗೆ ತಿಳಿಯಲಿಲ್ಲ. ಕೊನೆಗೆ ಅಂಗಡಿಯೇ ಗೆದ್ದಿತು.

"ಲೇ! ಗೊತ್ತಿತ್ತು ನಂಗೆ! ಮೊಳೆ ಡಬ್ಬ ಬೆರೆಸೋನು ನೆಂಟರನ್ನ ಬೆರೆಸದೇ ಬಿಡ್ತಾನಾ? ಸೋಮವಾರ ನಾನು ಬೀಗ ತೆಗೆಯೋಷ್ಟೊತ್ತಿಗೆ ನೀನು ತಕ್ಕಡಿ ಮುಂದೆ ಇರ್ಬೇಕು. ಮೊದ್ಲು ಇವರನ್ನ ಟೆಂಪೊ ಹತ್ತಿಸು."

ಜಯಕುಮಾರನ ಗಂಟಲಿಗೆ ಬ್ರ್ಯಾಂಡು ಬಂತು, ಟಾರ್ಗೆಟ್ಟು ಬಂತು, ಫೀಡ್‌ಬ್ಯಾಕು ಬಂತು. ಯಾವುದೂ ಈ ಕೆಲಸಕ್ಕೆ ಒದಗುವಂತಿರಲಿಲ್ಲ. ಎಲ್ಲವನ್ನೂ ನುಂಗಿದ.

"ಬರಲ್ಲ ಭಾವ."

"ಏನಂದೆ?"

"ಮೊಳೆ ತೂಗಾಕೆ ಬರಲ್ಲ ಅಂದೆ. ತಪ್ಪು ನಂದೇ, ಒಪ್ಕಂತೀನಿ. ಆದ್ರೆ ನಿಮ್ಮ ಪಡಸಾಲೆಯಾಗೆ ಅಷ್ಟು ಜನ ಓದಿದ್ರಿ. ಒಬ್ರಾದ್ರೂ ತಮ್ಮ ಹೆಸ್ರು ಬಿಟ್ಟು ಇನ್ನೊಬ್ರ ಹೆಸ್ರು ಓದಿದ್ರಾ? ನಾಳೆಯಿಂದ ನೋಡ್ಕಂಡು ಅಳಿಸ್ತೀನಿ. ಮತ್ತೆ ತಪ್ಪಾದ್ರೆ ಮತ್ತೆ ತಿದ್ದುತೀನಿ. ಅಂಗಡಿ ಮಾತ್ರ ಮುಚ್ಚಲ್ಲ. ಇವರನ್ನ ಟೆಂಪೊನೂ ಹತ್ತಿಸಲ್ಲ. ನಾನು ಕುಂಕುಮ ಕೊಟ್ಟು ಕರೆದೀನಿ. ಊಟ ಮಾಡ್ಕಂಡು ಹೋಗ್ತಾರೆ."

ಅವನು ಸುಮಿತ್ರಾಳ ಕೈಯಿಂದ ಬಕೆಟ್ಟನ್ನು ವಾಪಸ್ ತೆಗೆದುಕೊಂಡ.

"ಹತ್ರಿ ಅಂದ್ರೂ ನಾವು ಹತ್ತಲ್ಲ," ಎಂದಳು ಹೊನ್ನಕ್ಕ. "ಈ ಅಣ್ಣನ ಮುಖ ನೋಡಿದ್ ಕೂಡ್ಲೆ ನಂಗೆ ಗೊತ್ತಾಯ್ತು, ಎಲ್ಲೋ ಎಡವಟ್ಟಾಗೈತೆ ಅಂತ. ಅವನು ಹೇಳೋಕಾಗ್ದೆ ಒದ್ದಾಡ್ತಿದ್ದ, ಪಾಪ. ಆದ್ರೇನು? ತಪ್ಪಾಗಿ ಹಾಕಿದ್ರೋ ಸರಿಯಾಗಿ ಹಾಕಿದ್ರೋ, ಊರ ಮುಂದೆ ಕರೆದ ಮೇಲೆ ಮುಗೀತು. ಕರೆದು ಎಬ್ಬಿಸ್ತಾರೆ ಅಂದ್ರೆ ನಾಳೆ ನಮ್ಮ ಯಜಮಾನ್ರು ಕಟ್ಟೆ ಮೇಲೆ ಹೆಂಗೆ ಕುಂತ್ಕಂತಾರೆ? ಬಡಿಸೋದು ಐತೆ, ದಾರಿ ಬಿಡ್ರಿ."

ಯತ್ತಪ್ಪ ಬಾಯಿ ತೆರೆದ. ಅಷ್ಟರಲ್ಲಿ ಎಲೆಯ ಮುಂದೆ ನಿಂತೇ ಇದ್ದ ಗೋವಿಂದಯ್ಯನವರು ಕೆಮ್ಮಿದರು. ಚಿತ್ರದುರ್ಗದ ಕಚೇರಿಯಲ್ಲಿ ಸರ್ವೀಸು ಮುಗಿಸಿದವರು, ಕೆಮ್ಮಿಗೇ ಒಂದು ಆದೇಶದ ತೂಕವಿತ್ತು.

"ಬೀಗರೆ, ಒಂದು ಮಾತು. ನಿನ್ನೆ ಸಂಜೆ ನಾವು ಬಸ್ಸಿಳಿದಾಗಿಂದ ನಮ್ಮನ್ನ ಮಾತಾಡ್ಸಿದೋರು ಇವರಿಬ್ಬರೇ. ಕಾಲಿಗೆ ನೀರು ಕೊಟ್ಟೋರು ಇವರೇ. ನಮ್ಮ ತಾಯಿಗೆ ದಿಂಬು ಕೊಟ್ಟೋರೂ ಇವರೇ. ಇವರು ನಿಮ್ಮ ಕಡೆಯೋರಲ್ಲ ಅಂದ್ರೆ, ನಿಮ್ಮ ಕಡೆಯೋರು ಯಾರ್ರೀ ಇಲ್ಲಿ?"

ಕಂಬದ ಹತ್ತಿರದವರು ಕಿಟಕಿಯ ಹತ್ತಿರದವರನ್ನು ನೋಡಿದರು. ಕಿಟಕಿಯವರು ಫ್ಯಾನಿನ ಕೆಳಗಿನವರನ್ನು ನೋಡಿದರು. ಸ್ಕೂಟರಿನಿಂದ ಎದ್ದು ಬಾಗಿಲಿಗೆ ಬಂದಿದ್ದ ಚಿಕ್ಕಪ್ಪ ಮತ್ತೆ ಸ್ಕೂಟರಿನ ಕಡೆ ಹೊರಟ. ಮದುವೆಯ ಸೀರೆಯಲ್ಲಿ ಬಾಗಿಲಿಗೆ ಬಂದು ನಿಂತಿದ್ದ ಅನುಪಮಾ, "ಅಪ್ಪ, ಮಾವನೋರು ಏನೋ ಕೇಳಿದ್ರು, ಉತ್ರ ಹೇಳಪ್ಪ," ಎಂದಳು.

ಯತ್ತಪ್ಪ ಬೆವರೊರೆಸಿಕೊಂಡ. ಬೀಗರ ಮುಖ ನೋಡಿದ, ಮಗಳ ಮುಖ ನೋಡಿದ. ಹಾರ್ಡ್‌ವೇರ್ ವ್ಯಾಪಾರದಲ್ಲಿ ಪಳಗಿದವನು, ಬಗ್ಗದ ಮೊಳೆಯ ಮೇಲೆ ಸುತ್ತಿಗೆ ಹಾಳು ಮಾಡಿಕೊಳ್ಳುವವನಲ್ಲ.

"ನಮ್ಮೋರೇ ಬೀಗರೆ, ನಮ್ಮೋರೇ! ಹತ್ತಿರದೋರು. ಸಿರಿಗೆರೆ ಕಡೆಯಿಂದ ಸಂಬಂಧ. ಸುಮ್ನೆ ತಮಾಷೆಗೆ..." ಎಂದು ದುರುಗಣ್ಣನ ಹೆಗಲ ಮೇಲೆ ಕೈ ಹಾಕಿದ. ದುರುಗಣ್ಣ ಆ ಕೈಗೆ ಒಂದು ಸೌಟು ಕೊಟ್ಟು, "ಪಲ್ಯ ಆ ಕಡೆ ಹೋಗಿಲ್ಲ," ಎಂದ.

ಸೋಮವಾರ ಬೆಳಗ್ಗೆ ಯತ್ತಪ್ಪ ಹೊಸದುರ್ಗದ ಅಂಗಡಿಯ ಬೀಗ ತೆಗೆದು, ತಕ್ಕಡಿಯ ಮುಂದೆ ಯಾರೂ ಇಲ್ಲದ್ದನ್ನು ಕಂಡು, ಬಿಸಿಲೇರುವವರೆಗೆ ಕಾದ. ಆಮೇಲೆ ಮತ್ತೆ ಬೀಗ ಹಾಕಿ, ಬಸ್ಸು ಹತ್ತಿ ಹೊಳಲ್ಕೆರೆಗೆ ಬಂದ. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದರ ಮೇಲೊಂದು ಅಚ್ಚುಕಟ್ಟಾಗಿ ಜೋಡಿಸಿಕೊಂಡಿದ್ದ. 'ಜಯ ಕ್ರಿಯೇಷನ್ಸ್' ಬಾಗಿಲನ್ನು ತಳ್ಳಿ, "ಲೇ" ಎಂದು ಶುರುಮಾಡಿದ.

ಒಳಗೆ ಕಂಪ್ಯೂಟರಿನ ಮುಂದೆ, ಜಯಕುಮಾರನ ಪಕ್ಕದಲ್ಲಿ, ಕನ್ನಡಕ ಏರಿಸಿಕೊಂಡು ಗೋವಿಂದಯ್ಯನವರು ಕುಳಿತಿದ್ದರು.

"ಓಹೋ, ಬೀಗರು! ಬರ್ರಿ ಬರ್ರಿ," ಎಂದರು ಗೋವಿಂದಯ್ಯ. "ನಮ್ಮ ಎರಡನೇ ಮಗಂದೂ ಮದ್ವೆ ಗೊತ್ತಾಯ್ತು. ಕಾರ್ಡು ಇವರ ಕೈಲೇ ಮಾಡಿಸಾಣ ಅಂತ ಬಂದೆ. ನೀವು ಯಾರಿಗೆ ಲೇ ಅಂದ್ರಿ?"

ಯತ್ತಪ್ಪ ಹಿಂದೆ ತಿರುಗಿ ಬೀದಿಯನ್ನು ನೋಡಿದ. ಬೀದಿಯಲ್ಲಿ ಒಂದು ಎಮ್ಮೆ ಹೋಗುತ್ತಿತ್ತು.

"ಅದಕ್ಕೆ," ಎಂದ. "ಅಡ್ಡ ಬಂತು."

"ಏನು ಬೇಕಾಗಿತ್ತು ಭಾವ?" ಎಂದ ಜಯಕುಮಾರ, ಪರದೆಯಿಂದ ಕಣ್ಣು ತೆಗೆಯದೆ.

ಯತ್ತಪ್ಪ ಬೀಗರನ್ನು ನೋಡಿದ. ಜೋಡಿಸಿ ತಂದಿದ್ದ ಬೈಗುಳಗಳು ಒಳಗೇ ಕುಸಿದವು. "ಅಂಗಡಿಗೆ ಹೊಸಾ ಬೋರ್ಡು ಮಾಡ್ಸಾಣ ಅಂತ... ಬಂದಿದ್ದೆ," ಎಂದ.

"ಬೀಗರದು ಮುಗೀಲಿ. ಕುಂತ್ಕಳ್ರಿ."

ಯತ್ತಪ್ಪ ಕುಳಿತುಕೊಂಡ.